ಶಾಕ್ ಬಿಡಿ, ಮೊದಲು ಪಿನ್ ನೋಡಿ

ಹಳೆ ಜಾವಾ, ಯೆಜ್ಡಿ ಬೈಕುಗಳ ಹಿಂದಿನ ಸಸ್ಪೆನ್ಷನ್ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಒಟ್ಟಿಗೆ ಉತ್ತರ ಕೊಡುತ್ತಿದ್ದೇನೆ. ಜುಲೈ ಹತ್ತಿರ ಬಂದರೆ ಸಾಕು, ಜಾವಾ ದಿನದ ಮೆರವಣಿಗೆಗೆ ಅಂತ ಶೆಡ್ಡಿನಲ್ಲಿದ್ದ ಗಾಡಿಗಳು ಆಚೆ ಬರುತ್ತವೆ. ಅವುಗಳ ಹಿಂದೆಯೇ ಇದೇ ಪ್ರಶ್ನೆಗಳೂ ಬರುತ್ತವೆ. ಚಕ್ರ ಬಿಚ್ಚುವುದು ಹೇಗೆ, ಯಾವ ಬೋಲ್ಟಿಗೆ ಯಾವ ಸ್ಪಾನರ್ ಅನ್ನೋದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅಷ್ಟು ಗೊತ್ತಿಲ್ಲದವರು ಈ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ನಮ್ಮ ತಂದೆಯವರ ಯೆಜ್ಡಿ ರೋಡ್‌ಕಿಂಗ್ ಇದೆ ಸರ್. ಹಂಪ್ ದಾಟುವಾಗ ಹಿಂದೆ ಟಕ್ ಅಂತ ಬಡಿಯುತ್ತದೆ. ತಿರುವಿನಲ್ಲಿ ಹಿಂಭಾಗ ಓಲಾಡುತ್ತದೆ. ಮೆಕ್ಯಾನಿಕ್ ಮಾತು ಕೇಳಿ ಎರಡೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿದೆ, ಏನೂ ಬದಲಾಗಲಿಲ್ಲ. ಈಗ ಬೇರೆ ಬೈಕಿನ ಗ್ಯಾಸ್ ಶಾಕ್ ಹಾಕಿ ಅನ್ನುತ್ತಿದ್ದಾರೆ. ಹಾಕಿಸಲಾ? (ಮಂಡ್ಯ)

ಹಾಕಿಸಬೇಡಿ. ಒಂದು ಸಲ ದುಡ್ಡು ಹೋಗಿದ್ದು ಸಾಕು.

ಶಾಕ್ ಮಾಡುವ ಕೆಲಸ ಒಂದೇ. ಚಕ್ರ ಮೇಲೆ ಕೆಳಗೆ ಹೋಗುವುದನ್ನು ಹಿಡಿತದಲ್ಲಿ ಇಡುವುದು. ಚಕ್ರವನ್ನು ಎಡ ಬಲ ಅಲ್ಲಾಡದ ಹಾಗೆ ಹಿಡಿಯುವುದು ಅದರ ಕೆಲಸ ಅಲ್ಲ. ಆ ಕೆಲಸ ಸ್ವಿಂಗ್ ಆರ್ಮಿನದು, ಅಂದರೆ ಹಿಂದಿನ ಚಕ್ರವನ್ನು ಚಾಸಿಗೆ ಸೇರಿಸುವ ಕವಲು ತೋಳಿನದು. ಸ್ವಿಂಗ್ ಆರ್ಮ್ ಚಾಸಿಗೆ ಸೇರುವ ಜಾಗದಲ್ಲಿ ಒಂದು ಪಿನ್, ಅದರ ಸುತ್ತ ಬುಷ್‌ಗಳು, ಅಂದರೆ ಲೋಹದ ಬಳೆಗಳು ಇರುತ್ತವೆ. ನೀವು ತಿರುವಿನಲ್ಲಿ ಓಲಾಡುತ್ತದೆ ಅಂದಿರಲ್ಲ, ಆ ಮಾತು ಕೇಳಿದ ತಕ್ಷಣ ನಿಮ್ಮ ಮೆಕ್ಯಾನಿಕ್ ಅಲ್ಲಿಗೆ ಕೈ ಹಾಕಬೇಕಿತ್ತು. ಹಾಕಿಲ್ಲ, ಯಾಕೆಂದರೆ ಶಾಕ್ ಬದಲಿಸುವುದು ಸುಲಭ. ನಾಲ್ಕು ಬೋಲ್ಟು ಬಿಚ್ಚಿದರೆ ಮುಗಿಯಿತು. ಪಿನ್ ಕಳಚೋಕೆ ಮೈ ಬಗ್ಗಬೇಕು.

ಈ ಗಾಡಿಗಳನ್ನು ಮಾಡುತ್ತಿದ್ದ ಮೈಸೂರು ಯಾದವಗಿರಿಯ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಬಂದ ಯಾವ ಗಾಡಿಯೂ ಈಗ ಹೊಸದಲ್ಲ. ಇಷ್ಟು ವರ್ಷದಲ್ಲಿ ಇಂಜಿನ್ ಬೋರ್ ಮಾಡಿಸಿರುತ್ತಾರೆ, ಸೈಲೆನ್ಸರ್‌ಗೆ ಕ್ರೋಮ್ ಹೊಡೆಸಿರುತ್ತಾರೆ, ಟ್ಯಾಂಕಿಗೆ ಬಣ್ಣ ಬಂದಿರುತ್ತದೆ. ಸ್ವಿಂಗ್ ಆರ್ಮ್ ಪಿನ್ನಿಗೆ ಗ್ರೀಸ್ ಹೊಡೆದವರು ಮಾತ್ರ ಸಿಗುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ಗ್ರೀಸ್ ತುಂಬುವ ಮೊಳೆಯಂಥ ಬಾಯಿ, ಅಂದರೆ ಗ್ರೀಸ್ ನಿಪ್ಪಲ್, ಬಣ್ಣದ ಅಡಿ ಮುಚ್ಚಿಹೋಗಿರುತ್ತದೆ. ಗ್ರೀಸ್ ಒಣಗಿದ ಮೇಲೆ ಧೂಳು, ನೀರು ಒಳಗೆ ಸೇರಿ ಬುಷ್ ಸವೆಯುತ್ತದೆ. ಅದೂ ಗುಂಡಗೆ ಸವೆಯುವುದಿಲ್ಲ, ಭಾರ ಬೀಳುವ ಕಡೆ ಜಾಸ್ತಿ ತಿಂದು ಮೊಟ್ಟೆ ಆಕಾರಕ್ಕೆ ಬರುತ್ತದೆ. ನೀವು ಕೇಳಿದ ಟಕ್ ಸದ್ದು ಆ ಸಂದಿಯಲ್ಲಿ ಪಿನ್ ಬಡಿಯುವುದು.

ನೋಡುವುದು ಹೀಗೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರಲಿ. ಟಯರ್ ಹಿಡಿದು ಅಲ್ಲಾಡಿಸಿ ತೀರ್ಪು ಕೊಡಬೇಡಿ, ಚಕ್ರದ ಬೇರಿಂಗ್ ಹೋಗಿದ್ದರೂ ಅದು ಅಲ್ಲಾಡುತ್ತದೆ. ಆಕ್ಸಲ್ ಹತ್ತಿರ ಸ್ವಿಂಗ್ ಆರ್ಮನ್ನೇ ಹಿಡಿದು ಎಡಕ್ಕೆ ಬಲಕ್ಕೆ ಎಳೆಯಿರಿ. ಇನ್ನೊಬ್ಬರು ಪಿನ್ ಇರುವ ಕಡೆ, ಆರ್ಮ್ ಮತ್ತು ಚಾಸಿ ಸೇರುವ ಸಂದಿಯಲ್ಲಿ ಬೆರಳಿಟ್ಟುಕೊಳ್ಳಲಿ. ಅಲ್ಲಿ ಅಲ್ಲಾಟ ಬೆರಳಿಗೆ ತಾಕಿದರೆ ಬುಷ್ ಹೋಗಿದೆ. ಆರ್ಮ್ ಗಟ್ಟಿಯಾಗಿದ್ದು ಚಕ್ರ ಮಾತ್ರ ಆಡಿದರೆ ಬೇರಿಂಗ್. ಎರಡೂ ಸರಿ ಇದ್ದು ಸದ್ದು ಮಾತ್ರ ಬಂದರೆ ಶಾಕ್‌ನ ಮೇಲಿನ, ಕೆಳಗಿನ ಕಣ್ಣಿನಲ್ಲಿ, ಅಂದರೆ ಬೋಲ್ಟ್ ಹೋಗುವ ಬಳೆಯಲ್ಲಿ ಇರುವ ರಬ್ಬರ್ ಬುಷ್ ನೋಡಿ. ಅನುಮಾನ ಉಳಿದರೆ ಎರಡೂ ಶಾಕ್ ಕಳಚಿ ಇನ್ನೊಮ್ಮೆ ಎಳೆದು ನೋಡಿ. ಆಗ ಮುಚ್ಚಿಡೋಕೆ ಏನೂ ಇರುವುದಿಲ್ಲ.

ಬುಷ್ ಹೋಗಿದೆ ಅಂತಾದರೆ ಪಿನ್ ಕಳಚಬೇಕು. ಗಾಡಿ ಕೆಡುವುದು ಈ ಹಂತದಲ್ಲೇ. ತುಕ್ಕು ಹಿಡಿದು ಕಚ್ಚಿಕೊಂಡ ಪಿನ್ ಮೇಲೆ ಸುತ್ತಿಗೆಯಿಂದ ನೇರವಾಗಿ ಹೊಡೆಯುತ್ತಾರೆ. ಪಿನ್ನಿನ ತುದಿ ಅಣಬೆ ತರ ಅಗಲ ಆಗುತ್ತದೆ. ಆಮೇಲೆ ಅದು ಯಾವ ಕಡೆಯಿಂದಲೂ ಬರುವುದಿಲ್ಲ. ಇನ್ನೂ ಹೊಡೆದರೆ ಪಿನ್ ಹಿಡಿದಿರುವ ಚಾಸಿಯ ಕಿವಿಯೇ ಬಗ್ಗುತ್ತದೆ. ಬಗ್ಗಿದ ಚಾಸಿಗೆ ಹೊಸ ಬುಷ್ ಹಾಕಿ ಏನು ಪ್ರಯೋಜನ?

ಮೊದಲು ಪಾರ್ಟ್ಸ್ ಪುಸ್ತಕದ ಚಿತ್ರ ನೋಡಿ, ನಿಮ್ಮ ಮಾಡೆಲ್‌ನಲ್ಲಿ ಪಿನ್ನನ್ನು ಏನು ಹಿಡಿದಿದೆ ಅಂತ ತಿಳಿದುಕೊಳ್ಳಿ. ಅದನ್ನು ಬಿಚ್ಚಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಅವಸರ ಇದ್ದವರು ಬೇರೆ ಹವ್ಯಾಸ ನೋಡಿಕೊಳ್ಳಿ. ಆಮೇಲೆ ಎಳೆದು ತೆಗೆಯುವ ಏರ್ಪಾಟು ಮಾಡಿ. ಪಿನ್ ಟೊಳ್ಳಾಗಿದ್ದರೆ ಒಳಗೆ ಉದ್ದನೆಯ ಸ್ಟಡ್ (ಮರೆ ಇರುವ ಕಂಬಿ) ತೂರಿಸಿ. ಒಂದು ತುದಿಗೆ ಪಿನ್ನಿಗಿಂತ ಸ್ವಲ್ಪ ಚಿಕ್ಕ ವಾಷರ್, ಇನ್ನೊಂದು ತುದಿಗೆ ಪಿನ್ ಒಳಗೆ ಬಂದು ಕೂರುವಷ್ಟು ಅಗಲದ ಪೈಪ್ ತುಂಡು. ನಟ್ ಬಿಗಿಸುತ್ತ ಹೋದರೆ ಪಿನ್ ಪೈಪಿನೊಳಕ್ಕೆ ಬರುತ್ತದೆ. ಚಾಸಿಗೆ ಪೆಟ್ಟಿಲ್ಲ. ಗಟ್ಟಿ ಪಿನ್ ಆದರೆ ಪ್ರೆಸ್ ಇರುವವರ ಹತ್ತಿರ ಹೋಗಿ. ಬೆಂಕಿ ಹಿಡಿಯಲೇಬೇಕು ಅಂದರೆ ಸುತ್ತಲಿನ ಲೋಹಕ್ಕೆ ಹಿಡಿಯಿರಿ, ಪಿನ್ನಿಗಲ್ಲ. ಅದಕ್ಕೂ ಮೊದಲು ಪೆಟ್ರೋಲ್ ಟ್ಯಾಂಕ್ ಕಳಚಿ ದೂರ ಇಡಿ, ಚೈನ್ ಮೇಲಿನ ರಬ್ಬರ್ ಕೊಳವೆ ತೆಗೆಯಿರಿ. ಟ್ಯಾಂಕ್ ಗಾಡಿ ಮೇಲೇ ಇಟ್ಟುಕೊಂಡು ಗ್ಯಾಸ್ ಕಟ್ಟರ್ ಹಚ್ಚುವವರನ್ನು ಕಂಡರೆ ನಾನು ರಸ್ತೆಯ ಆ ಕಡೆಗೆ ಹೋಗಿ ನಿಲ್ಲುತ್ತೇನೆ.

ಬುಷ್ ಗನ್ ಮೆಟಲ್‌ನದೇ (ತಾಮ್ರ, ತವರ ಬೆರೆತ ಲೋಹ) ಆಗಬೇಕು. ಹಿತ್ತಾಳೆ ತೋರಿಸಿ ಎರಡೂ ಒಂದೇ ಸರ್ ಅಂದರೆ ಒಪ್ಪಬೇಡಿ, ಹಿತ್ತಾಳೆ ಬೇಗ ಸವೆಯುತ್ತದೆ. ಕಬ್ಬಿಣದ ಬುಷ್ ಹಾಕಿಕೊಟ್ಟು ಜನ್ಮಕ್ಕೆ ಸವೆಯಲ್ಲ ಅನ್ನುವವರೂ ಇದ್ದಾರೆ. ಹೌದು, ಬುಷ್ ಸವೆಯಲ್ಲ, ಪಿನ್ನನ್ನು ತಿನ್ನುತ್ತದೆ. ಬುಷ್ ಒತ್ತಿ ಕೂರಿಸಿದಾಗ ಅದರ ಒಳಗಿನ ಅಳತೆ ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಕೂರಿಸಿದ ಮೇಲೆ ತೂತನ್ನು ಅಳತೆಗೆ ತರುವ ರೀಮರ್ ಹೊಡೆಯಬೇಕು, ಎರಡೂ ಕಡೆಯ ಬುಷ್ ಒಂದೇ ಗೆರೆಯಲ್ಲಿ ಬರುವ ಹಾಗೆ. ಕೋಲಿಗೆ ಎಮರಿ ಪೇಪರ್ ಸುತ್ತಿ ಉಜ್ಜಿದರೆ ಬಾಯಿ ಅಗಲ ಆಗುತ್ತದೆ, ನಡು ಹಾಗೇ ಇರುತ್ತದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಲೇತ್ ಇಟ್ಟುಕೊಂಡು ಅಳತೆ ಗೊತ್ತಿರುವವರು ಸಿಗುತ್ತಾರೆ, ಹುಡುಕಿ. ಬುಷ್ಷಿಗೆ ಗ್ರೀಸ್ ಹೋಗುವ ತೂತು, ಒಳಗೆ ಗ್ರೀಸ್ ಹರಡುವ ಗೀರು ಮರೆಯದೆ ಹಾಕಿಸಿ, ತೂತು ನಿಪ್ಪಲ್ಲಿಗೆ ಎದುರಾಗಿ ಕೂರಬೇಕು.

ಪಿನ್ನನ್ನೂ ಅಳೆಯಿರಿ. ಬುಷ್ ತಾಕದ ಜಾಗದಲ್ಲಿ ಒಂದು ಅಳತೆ, ತಾಕುವ ಜಾಗದಲ್ಲಿ ಇನ್ನೊಂದು. ವ್ಯತ್ಯಾಸ ಕಂಡರೆ ಹೊಸ ಪಿನ್. ಸವೆದ ಪಿನ್ನಿಗೆ ಹೊಸ ಬುಷ್ ಹಾಕಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ನನಗೆ ಪತ್ರ ಬರೆಯುತ್ತೀರಿ. ಎಣ್ಣೆ ಹಚ್ಚಿದ ಪಿನ್ ಕೈಯಲ್ಲಿ ತಳ್ಳಿದರೆ ಒಳಗೆ ಹೋಗಬೇಕು, ಆದರೆ ಅಲ್ಲಾಡಬಾರದು. ಪಕ್ಕದ ಸಂದಿಗೆ ತೆಳು ವಾಷರ್ ಕೊಟ್ಟು ಸರಿಮಾಡಿ. ಶಾಕ್ ಹಾಕುವ ಮುಂಚೆ ಆರ್ಮನ್ನು ಮೇಲೆತ್ತಿ ಬಿಡಿ. ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯಬೇಕು. ದಬ್ ಅಂತ ಬಿದ್ದರೆ ಸಡಿಲ, ಅಲ್ಲೇ ನಿಂತರೆ ಬಿಗಿ.

ಆಮೇಲೆ ಪ್ರತಿ ಸರ್ವೀಸಿಗೂ ಗ್ರೀಸ್ ಗನ್ ಹಿಡಿಯಿರಿ, ಎರಡೂ ತುದಿಯಲ್ಲಿ ಹಳೆ ಗ್ರೀಸ್ ಹೊರಬರುವ ತನಕ. ವಾಟರ್ ವಾಷಿನವನಿಗೆ ಆ ಜಾಗಕ್ಕೆ ಜೋರು ನೀರು ಬಿಡಬೇಡ ಅಂತ ಹೇಳಿ.

ಗ್ಯಾಸ್ ಶಾಕ್ ವಿಷಯ. ಕಣ್ಣಿನಿಂದ ಕಣ್ಣಿಗೆ ಉದ್ದ ಬೇರೆ ಆದರೆ ಗಾಡಿಯ ನಿಲುವೇ ಬದಲಾಗುತ್ತದೆ. ಉದ್ದ ಜಾಸ್ತಿಯಾದರೆ ಚೈನಿನ ಕೋನ ಕೆಡುತ್ತದೆ, ಕಡಿಮೆಯಾದರೆ ಟಯರ್ ಮಡ್ಗಾರ್ಡಿಗೆ ತಾಗುತ್ತದೆ. ಬುಷ್ ಹೋದ ಗಾಡಿಗೆ ಗಟ್ಟಿ ಶಾಕ್ ಹಾಕಿದರೆ ಓಲಾಟ ಇನ್ನೂ ಎದ್ದು ಕಾಣುತ್ತದೆ ಅಷ್ಟೆ.

ಪ್ರಶ್ನೆ: ಶಾಕ್ ಮೆತ್ತಗಾಗಿದೆ. 40 ನಂಬರ್ ಇಂಜಿನ್ ಆಯಿಲ್ ತುಂಬಿದರೆ ಗಟ್ಟಿಯಾಗುತ್ತದಂತೆ, ನಿಜಾನಾ? (ಮದ್ದೂರು)

ಗಟ್ಟಿಯಾಗುತ್ತದೆ, ಒಳಗಿನ ಸಣ್ಣ ತೂತುಗಳಲ್ಲಿ ಸರಿಯಾಗಿ ಹರಿಯದೆ ನಿಮ್ಮ ಸೊಂಟವೂ ಗಟ್ಟಿಯಾಗುತ್ತದೆ. ಮ್ಯಾನುಯಲ್ ಹೇಳಿದ ದಪ್ಪದ ಎಣ್ಣೆ, ಹೇಳಿದಷ್ಟೇ ಹಾಕಿ. ರಾಡಿನ ಕ್ರೋಮ್ ಮೇಲೆ ತುಕ್ಕಿನ ಗುಳಿ ಇದ್ದರೆ ಆಯಿಲ್ ಸೀಲ್ ಬದಲಿಸಿಯೂ ಉಪಯೋಗ ಇಲ್ಲ, ಹೊಸ ಸೀಲನ್ನೂ ಅದು ಕೊಯ್ಯುತ್ತದೆ.

ಪ್ರಶ್ನೆ: ಸೋರುತ್ತಿರುವುದು ಎಡಗಡೆ ಶಾಕ್ ಮಾತ್ರ. ಅದೊಂದೇ ಬದಲಿಸಿದರೆ ಸಾಕಾ? (ನಂಜನಗೂಡು)

ಸಾಲದು.

ಪ್ರಶ್ನೆ: ಸ್ಪ್ರಿಂಗ್ ಸುತ್ತುಗಳ ನಡುವೆ ಟಯರ್ ರಬ್ಬರ್ ಕತ್ತರಿಸಿ ಇಟ್ಟರೆ ಭಾರ ಹೊರುತ್ತದಲ್ವಾ? ಮೂರು ಮೂಟೆ ಹಾಕುತ್ತೇನೆ. (ಕೆ.ಆರ್. ಪೇಟೆ)

ಮೂಟೆಗೆ ಲಗೇಜ್ ಆಟೋ ಇದೆ.

ಪ್ರಶ್ನೆ: 2018ರಲ್ಲಿ ಬಂದ ಹೊಸ ಜಾವಾದ ಹಿಂದಿನ ಶಾಕ್ ನನ್ನ ಹಳೆ ಗಾಡಿಗೆ ಆಗುತ್ತದಾ? (ಮೈಸೂರು)

ಅದು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಗಾಡಿ, ನಿಮ್ಮದು ಟೂ ಸ್ಟ್ರೋಕ್. ಹೆಸರು ಒಂದೇ ಅಂತ ಸಾಮಾನು ಒಂದೇ ಆಗುವುದಿಲ್ಲ.

ಪ್ರಶ್ನೆ: ಅಣ್ಣ, ಶಾಕ್ ಸ್ಪ್ರಿಂಗ್ ಮನೆಯಲ್ಲೇ ಬಿಚ್ಚಬಹುದಾ? ಇಬ್ಬರು ಸ್ನೇಹಿತರು ಒತ್ತಿ ಹಿಡಿದರೆ ಲಾಕ್ ತೆಗೆಯಬಹುದು ಅಂತ ವಿಡಿಯೋದಲ್ಲಿ ನೋಡಿದೆ. (ಪಾಂಡವಪುರ)

ಬೇಡ. ಒತ್ತಿದ ಸ್ಪ್ರಿಂಗ್ ಜಾರಿದರೆ ಹಲ್ಲು ಹೋಗುತ್ತದೆ, ಕಣ್ಣೂ ಹೋಗಬಹುದು. ಸ್ನೇಹಿತರು ಕೈ ಬಿಟ್ಟು ಓಡುತ್ತಾರೆ. ಸ್ಪ್ರಿಂಗ್ ಕಂಪ್ರೆಸರ್ ಇರುವ ಅಂಗಡಿಗೆ ಕೊಡಿ. ಸೋರುವ ಶಾಕಿನ ಕೊಳವೆಗೆ ವೆಲ್ಡಿಂಗ್ ಹೊಡೆಸುತ್ತೇನೆ ಅಂತಲೂ ಕೇಳಿದ್ದೀರಿ. ಒಳಗೆ ಎಣ್ಣೆ ಇರುವ, ಮುಚ್ಚಿದ ಕೊಳವೆ ಅದು, ಕಾಯಿಸಿದರೆ ಸಿಡಿಯಬಹುದು. ಹೊಡೆಸಬೇಡಿ, ಹೊಡೆದುಕೊಡುತ್ತೇನೆ ಅನ್ನುವವನ ಅಂಗಡಿಗೆ ಇನ್ನೊಮ್ಮೆ ಹೋಗಲೂ ಬೇಡಿ.