ಓದುಗರ ಪ್ರಶ್ನೆ: ನೀರೆತ್ತುವ ಗಾಳಿಗಿರಣಿಗಳ ಮುಂದೆ ಅರ್ಧ ದಿನ

ಪ್ರಶ್ನೆ: ಬದಿಯಡ್ಕ ಪರಿಸರದ ನಾವು ಐವರು ಗೆಳೆಯರು ಮೇ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಡುವ ಹಡಗಿನಲ್ಲಿ ನದಿಯಾನ ಮಾಡಲಿದ್ದೇವೆ. ಕಿಂಡರ್‌ಡೈಕ್ ಎಂಬಲ್ಲಿ ಹಡಗು ಅರ್ಧ ದಿನ ನಿಲ್ಲುತ್ತದೆಯಂತೆ. ಹಿಟ್ಟು ಬೀಸುವ ಹಳೆಯ ಗಿರಣಿಗಳನ್ನು ನೋಡುವುದಕ್ಕೆ ಅಷ್ಟು ಸಮಯ ಬೇಕೇ? ನಮ್ಮಲ್ಲೊಬ್ಬರಿಗೆ ಮಂಡಿನೋವೂ ಇದೆ.
– ಓದುಗರೊಬ್ಬರು, ಕಾಸರಗೋಡು

ಉತ್ತರ: ಅಲ್ಲಿನ 19 ಗಿರಣಿಗಳು ನಿಂತಿರುವುದು ಹಿಟ್ಟು ಬೀಸುವುದಕ್ಕಲ್ಲ, ನೀರೆತ್ತುವುದಕ್ಕೆ. ಎಣ್ಣೆ ತೆಗೆಯುವ, ಬಣ್ಣದ ಪುಡಿ ಅರೆಯುವ, ಮರ ಕೊಯ್ಯುವ ಗಿರಣಿಗಳನ್ನು ನೋಡಬೇಕಿದ್ದರೆ ಆಮ್‌ಸ್ಟರ್‌ಡ್ಯಾಮ್ ಸಮೀಪದ ಝಾನ್ಸೆ ಸ್ಖಾನ್ಸ್‌ಗೆ ಹೋಗಬೇಕು.

ಕಿಂಡರ್‌ಡೈಕ್ ಇರುವುದು ನೆದರ್ಲೆಂಡ್ಸ್‌ನ ಲೆಕ್ ಮತ್ತು ನೋರ್ಡ್ ನದಿಗಳು ಕೂಡುವಲ್ಲಿ. ಅಲ್ಲಿನ ಜೌಗುಮಣ್ಣಿನಿಂದ ನೀರು ಬಸಿದಂತೆ ಮಣ್ಣು ಕುಗ್ಗಿ ನೆಲ ತಗ್ಗಿತು. ನೆಲ ತಗ್ಗಿದಷ್ಟೂ ನೀರು ತಾನಾಗಿ ನದಿಗೆ ಹರಿದುಹೋಗುವುದು ಕಷ್ಟವಾಯಿತು. ಆದ್ದರಿಂದಲೇ 1738ರಲ್ಲಿ ಎಂಟು ಇಟ್ಟಿಗೆಯ ಗಿರಣಿಗಳನ್ನೂ 1740ರಲ್ಲಿ ಹುಲ್ಲು ಹೊದೆಸಿದ ಎಂಟು ಗಿರಣಿಗಳನ್ನೂ ಸಾಲಾಗಿ ಕಟ್ಟಿದರು. ರೆಕ್ಕೆ ತಿರುಗಿದಾಗ ಮರದ ಹಲ್ಲುಚಕ್ರಗಳು ಆ ಬಲವನ್ನು ನಡುಗಂಬದ ಮೂಲಕ ಕೆಳಗಿಳಿಸುತ್ತವೆ, ಬುಡದಲ್ಲಿರುವ ಹಲಗೆಚಕ್ರ ತಗ್ಗಿನ ಕಾಲುವೆಯ ನೀರನ್ನು ಮೇಲಿನ ಜಲಾಶಯಕ್ಕೆ ತಳ್ಳುತ್ತದೆ, ನದಿಯ ಮಟ್ಟ ಇಳಿದಾಗ ತೂಬು ತೆರೆದು ಆ ನೀರನ್ನು ಹೊರಗೆ ಬಿಡುತ್ತಾರೆ. ಮಳೆಗಾಲ ಕಳೆದೊಡನೆ ತೋಡಿಗೆ ಕಟ್ಟ ಹಾಕಿ, ಗುಡ್ಡಕ್ಕೆ ಸುರಂಗ ಕೊರೆದು, ಬೊಗಸೆ ನೀರನ್ನೂ ತೋಟಕ್ಕೆ ಉಳಿಸಿಕೊಳ್ಳುವ ನಮಗೆ ನೀರನ್ನು ಹೊರಹಾಕುವುದಕ್ಕಾಗಿ ಇಷ್ಟು ದುಡಿದವರ ಬದುಕು ಬೇರೆಯೇ ಲೋಕದಂತೆ ಕಾಣುತ್ತದೆ. ಆದರೆ ನಮ್ಮದೇ ರಾಜ್ಯದ ಕುಟ್ಟನಾಡಿನಲ್ಲಿ ಸಮುದ್ರಮಟ್ಟಕ್ಕಿಂತ ತಗ್ಗಿನ ಗದ್ದೆಗಳಿಂದ ಕಾಲಿನಿಂದ ಚಕ್ರ ತುಳಿದು ನೀರು ಹೊರಹಾಕುತ್ತಿದ್ದವರು ಇದನ್ನು ಕೂಡಲೇ ಗುರುತಿಸುತ್ತಿದ್ದರು.

ಈಗ ಆ ಕೆಲಸವನ್ನು ಪಂಪುಗಳು ಮಾಡುತ್ತವೆ. ಆದರೂ ಎರಡನೇ ಮಹಾಯುದ್ಧದಲ್ಲಿ ಇಂಧನಕ್ಕೆ ಬರ ಬಂದಾಗ ಈ ಗಿರಣಿಗಳೇ ಮತ್ತೆ ನೀರೆತ್ತಿದವು. 1997ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗಾಳಿ ಹಾಗೂ ನೀರಿನ ಗಿರಣಿ ನಡೆಸುವ ಕಸುಬೂ 2017ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ದಡದಿಂದ ಚಿತ್ರ ತೆಗೆದು ಮರಳಬೇಡಿ. ವಸ್ತುಸಂಗ್ರಹಾಲಯವಾಗಿರುವ ಒಂದು ಗಿರಣಿಯ ಒಳಗಾದರೂ ಹೋಗಿ. ಗಿರಣಿ ನಡೆಸುವವರ ಸಂಸಾರವೂ ಅದರೊಳಗೇ: ಗೋಡೆಯ ಬೀರುವಿನಂಥ ಗೂಡಿನಲ್ಲಿ ಹಾಸಿಗೆ, ಅದರ ಪಕ್ಕದಲ್ಲೇ ಅಡುಗೆ. ಮಕ್ಕಳನ್ನು ಸಾಕಿದ್ದೂ ಅಲ್ಲಿಯೇ, ಹೊರಗೆ ನೆಲದ ಸಮೀಪದವರೆಗೆ ಬೀಸಿ ಬರುವ ರೆಕ್ಕೆಗಳ ನಡುವೆಯೇ. ಒಳಗಿನ ಮೆಟ್ಟಿಲು ಏಣಿಯಷ್ಟು ಕಡಿದಾಗಿರುವುದರಿಂದ ಮಂಡಿನೋವಿನ ಗೆಳೆಯರು ಕೆಳಗಿನ ಕೋಣೆಯನ್ನಷ್ಟೇ ನೋಡಲಿ. ಕಾಲುವೆ ಬದಿಯ ದಾರಿ ಸಮತಟ್ಟಾಗಿದೆ, ನಡೆಯಲಾಗದಿದ್ದರೆ ಅಲ್ಲಿನ ಪ್ರವಾಸಿ ದೋಣಿ ಹತ್ತಬಹುದು. ಮೇ ತಿಂಗಳ ಎರಡನೆಯ ವಾರಾಂತ್ಯ ಆ ದೇಶದಲ್ಲಿ ಗಿರಣಿಗಳ ದಿನಾಚರಣೆ ಇರುವುದರಿಂದ, ನಿಮ್ಮ ಯಾನ ಆ ದಿನಕ್ಕೆ ಹೊಂದಿಕೊಂಡರೆ ಹೆಚ್ಚು ಗಿರಣಿಗಳು ತಿರುಗುವುದನ್ನು ಕಾಣುವಿರಿ.

ಹಡಗಿಗೆ ಮರಳುವ ಮುನ್ನ, ನಿಲ್ಲಿಸಿರುವ ಗಿರಣಿಯ ಮೇಲಿನ ರೆಕ್ಕೆಯನ್ನೊಮ್ಮೆ ಗಮನಿಸಿ. ಸುತ್ತಿನ ಅತ್ಯಂತ ಎತ್ತರದ ತುದಿ ತಲುಪುವ ತುಸು ಮೊದಲೇ ಅದನ್ನು ನಿಲ್ಲಿಸಿದ್ದರೆ ಆ ಮನೆಯಲ್ಲಿ ಸಂಭ್ರಮ. ತುದಿ ದಾಟಿಸಿ ನಿಲ್ಲಿಸಿದ್ದರೆ ಸೂತಕ.