ಕೇಳಿ ತಿಳಿಯಿರಿ: ಜರ್ಮನ್ ಯುದ್ಧದ ರೀಲುಗಳು

ಎರಡನೇ ಮಹಾಯುದ್ಧದ ಜರ್ಮನ್ ವಾರ್ತಾಚಿತ್ರಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳು.

ಈ ರೀಲುಗಳಲ್ಲಿ ಮೆಷಿನ್ ಗನ್ ಸದ್ದು ಜೋರಾಗಿ ಕೇಳುತ್ತದೆ, ಆದರೆ ನಳಿಗೆಯ ಬಾಯಲ್ಲಿ ಬೆಂಕಿ ಅಲ್ಲೊಮ್ಮೆ ಇಲ್ಲೊಮ್ಮೆ ಮಾತ್ರ. ನಕಲಿ ದೃಶ್ಯವೇ? (ಧಾರವಾಡ)

ಬೆಂಕಿ ಕಾಣದಿದ್ದರೆ ನಕಲಿ ಎನ್ನಬೇಡಿ. ಅನುಮಾನ ಪಡಬೇಕಾದ್ದು ಸದ್ದಿನ ಮೇಲೆ. 'ಡಾಯ್ಚೆ ವೋಖೆನ್‌ಶೌ' ಎಂಬ ಸರ್ಕಾರಿ ವಾರ್ತಾಚಿತ್ರ 1940ರ ಜೂನ್‌ನಿಂದ 1945ರ ಮಾರ್ಚ್‌ವರೆಗೆ ನಡೆಯಿತು. ಅದಕ್ಕೆ ಚಿತ್ರ ತೆಗೆದವರು ಸೈನ್ಯದ ಪ್ರಚಾರ ತುಕಡಿಗಳ ಕ್ಯಾಮೆರಾಮನ್‌ಗಳು. ಅವರು ಕಳಿಸುತ್ತಿದ್ದ ರೀಲು ಬಹುಪಾಲು ಮೂಕಿ. ಗುಂಡಿನ ಸದ್ದು, ಸಂಗೀತ, ವಿವರಣೆ ಎಲ್ಲ ಬರ್ಲಿನ್‌ನಲ್ಲಿ ಸೇರಿಸಿದ್ದು.

ಬೆಂಕಿಯದು ಬರೀ ಲೆಕ್ಕ. ಎಂಜಿ 42 ಎಂಬ ಜರ್ಮನ್ ಮೆಷಿನ್ ಗನ್ ನಿಮಿಷಕ್ಕೆ ಸುಮಾರು 1,200, ಅಂದರೆ ಸೆಕೆಂಡಿಗೆ 20 ಗುಂಡು ಹಾರಿಸುತ್ತದೆ. ಕ್ಯಾಮೆರಾ ಸೆಕೆಂಡಿಗೆ 24 ಚೌಕಟ್ಟು ತೆಗೆಯುತ್ತದೆ, ಆದರೆ ಅದರ ಶಟರ್ ತೆರೆದಿರುವುದು ಹೆಚ್ಚುಕಡಿಮೆ ಅರ್ಧ ಹೊತ್ತು. ಉಳಿದರ್ಧದಲ್ಲಿ ಫಿಲಂ ಮುಂದಕ್ಕೆ ಸರಿಯುತ್ತಿರುತ್ತದೆ. ಕಿಡಿ ಹೊಳೆದು ಆರುವುದು ಕಣ್ಣೆವೆ ಮುಚ್ಚುವುದಕ್ಕಿಂತ ಬೇಗ. ಹಾಗಾಗಿ ಅರ್ಧದಷ್ಟು ಕಿಡಿಗಳು ಫಿಲಂಗೆ ಸಿಕ್ಕುವುದೇ ಇಲ್ಲ. ಈ ಗನ್ನಿನ ನಿಜವಾದ ಸದ್ದು 'ಟಕ್ ಟಕ್' ಅಲ್ಲ. ಕೋರಾ ಬಟ್ಟೆಯನ್ನು ಪರ್ರನೆ ಹರಿದ ಹಾಗೆ.

ದೃಶ್ಯದ ಮೇಲೆ ಅನುಮಾನ ಬರಬೇಕಾದದ್ದು ಕ್ಯಾಮೆರಾ ನಿಂತ ಜಾಗ ನೋಡಿ. ಗನ್ನಿನ ಎದುರಿಗೇ ನಿಂತು ಗುಂಡು ಹಾರಿಸುವವನ ಮುಖ ತೋರಿಸಿದ್ದರೆ, ವೈರಿಯ ಕಡೆ ಬೆನ್ನು ಹಾಕಿ ನಿಂತವರು ಯಾರು? ಅಂಥದ್ದು ಹೆಚ್ಚಾಗಿ ತರಬೇತಿ ಮೈದಾನದ್ದು, ಇಲ್ಲವೇ ಕಾಳಗ ಮುಗಿದ ಮೇಲಿನದು.

ರೀಲಿನ ಮೇಲೆ ಇಸವಿ ಇಲ್ಲದಿದ್ದರೆ ಕಾಲ ಗುರುತಿಸುವುದು ಹೇಗೆ? (ಶಿವಮೊಗ್ಗ)

ಆಯುಧ ನೋಡಿ. ನಳಿಗೆಯ ಹೊರಕವಚದಲ್ಲಿ ದುಂಡನೆಯ ತೂತುಗಳಿದ್ದರೆ ಎಂಜಿ 34; ಉದ್ದುದ್ದ ಸೀಳುಗಳಿದ್ದರೆ ಎಂಜಿ 42, ಅಂದರೆ 1942ಕ್ಕಿಂತ ಹಿಂದಿನದಲ್ಲ. ಸುಮಾರು 250 ಗುಂಡಿಗೊಮ್ಮೆ ನಳಿಗೆ ಬದಲಿಸಬೇಕು. ತಡ ಮಾಡಿದರೆ ಕಾವಿಗೆ ತೋಟಾ ತಾನೇ ಸಿಡಿಯಬಹುದು, ಒಳಗಿನ ತಿರುಪು ಗೆರೆಗಳೂ ಸವೆಯುತ್ತವೆ. ಎಂಜಿ 42ರಲ್ಲಿ ಬಲಬದಿಯ ಚಿಲಕ ಹೊರಕ್ಕೆಳೆದರೆ ನಳಿಗೆಯ ಹಿಂತುದಿ ಆಚೆ ಬರುತ್ತದೆ. ಕಾದ ಕಬ್ಬಿಣ ಮುಟ್ಟಲು ಕಲ್ನಾರಿನ ಕೈಗವಸು ಬೇಕು. ಪಳಗಿದವನಿಗೆ ಐದಾರು ಸೆಕೆಂಡಿನ ಕೆಲಸ.

ಟ್ಯಾಂಕಾದರೆ ಗಾಲಿ ಎಣಿಸಿ. ಒಂದು ಬದಿಗೆ ಆರು ಗಾಲಿ, ಮೇಲೆ ಮೂರು ಪುಟ್ಟ ಉರುಳೆ ಇದ್ದರೆ ಪಾನ್ಸರ್ 3. ಎಂಟು ಸಣ್ಣ ಗಾಲಿ, ನಾಲ್ಕು ಉರುಳೆ ಇದ್ದರೆ ಪಾನ್ಸರ್ 4. ಗಾಲಿಗಳು ಒಂದರ ಮೇಲೊಂದು ಹಾಯ್ದಿದ್ದು ಮುಂಭಾಗ ಗೋಡೆಯಂತೆ ನೆಟ್ಟಗಿದ್ದರೆ ಟೈಗರ್, ಇಳಿಜಾರಾಗಿದ್ದರೆ ಪ್ಯಾಂಥರ್ ಇರಬಹುದು. ಟೈಗರ್ ರಣರಂಗಕ್ಕೆ ಬಂದದ್ದು 1942ರ ಆಗಸ್ಟ್ ಕೊನೆಗೆ, ಲೆನಿನ್‌ಗ್ರಾಡ್ ಬಳಿ. '1941, ಮಾಸ್ಕೋ' ಎಂಬ ಶೀರ್ಷಿಕೆಯಡಿ ಟೈಗರ್ ಕಂಡರೆ ಶೀರ್ಷಿಕೆಯೇ ತಪ್ಪು. ಗೂಡ್ಸ್ ರೈಲಿನ ಮೇಲೆ ಅದೇ ಟೈಗರ್ ಸೊರಗಿದಂತೆ ಕಾಣುತ್ತದೆ: ರೈಲುದಾರಿಯ ಅಗಲದ ಮಿತಿ ಮೀರಬಾರದೆಂದು ಹೊರಸಾಲಿನ ಗಾಲಿಗಳನ್ನು ಕಳಚಿ, ಗಾಲಿಗಳನ್ನು ಸುತ್ತುವ 725 ಮಿ.ಮೀ. ಅಗಲದ ಉಕ್ಕಿನ ಪಟ್ಟಿಯ ಬದಲು 520 ಮಿ.ಮೀ. ಪಟ್ಟಿ ತೊಡಿಸುತ್ತಿದ್ದರು. ಈ ಹೆಣೆದ ಗಾಲಿಗಳೇ ಅದಕ್ಕೆ ಮುಳುವೂ ಆದವು. ಒಳಗಿನ ಒಂದು ಗಾಲಿ ಕೆಟ್ಟರೆ ಹೊರಗಿನ ಹಲವನ್ನು ಬಿಚ್ಚಬೇಕು. ಚಳಿಗಾಲದ ರಾತ್ರಿ ನಡುವೆ ಸಿಕ್ಕ ಕೆಸರು ಹೆಪ್ಪುಗಟ್ಟಿದರೆ ಬೆಳಿಗ್ಗೆ ಗಾಲಿ ಅಲುಗುವುದಿಲ್ಲ.

ಒಂದು ರೀಲಿನಲ್ಲಿ ಸೈನಿಕರೆಲ್ಲ ಎಡಚರಂತೆ ಕಾಣುತ್ತಾರೆ! (ಪುತ್ತೂರು)

ಫಿಲಂ ತಿರುವುಮುರುವಾಗಿದೆ. ಮೌಸರ್ 98ಕೆ ಬಂದೂಕಿನ ಬೋಲ್ಟ್ ಹಿಡಿ ಬಲಕ್ಕಿರಬೇಕು, ಭೂಸೈನ್ಯದ ಅಂಗಿಯ ಹದ್ದಿನ ಲಾಂಛನ ಬಲ ಎದೆಯ ಮೇಲಿರಬೇಕು. ಎರಡೂ ಎಡಕ್ಕಿದ್ದರೆ ಅನುಮಾನವೇ ಬೇಡ.

ಕೋಲಿನ ಗ್ರೆನೇಡಿನ ಹಿಡಿಯ ಬುಡದಲ್ಲಿ ಏನನ್ನೋ ತಿರುಗಿಸುತ್ತಾರಲ್ಲ? (ಹಾಸನ)

ಅದು ಮುಚ್ಚಳ. ತಿರುಗಿಸಿ ತೆಗೆದರೆ ದಾರಕ್ಕೆ ಕಟ್ಟಿದ ಪಿಂಗಾಣಿ ಮಣಿ ಜಾರಿ ಬೀಳುತ್ತದೆ. ಅದನ್ನು ಎಳೆದ ನಾಲ್ಕೂವರೆ ಸೆಕೆಂಡಿಗೆ ಸ್ಫೋಟ. ಮುಚ್ಚಳ ತೆಗೆಯದೆಯೇ ಎಸೆದರೆ ಆ ದೃಶ್ಯ ಕ್ಯಾಮೆರಾಗಾಗಿ ಮಾಡಿದ್ದು. ಸೊಂಟದ ಹಿಂದೆ ತೂಗುವ ಗೆರೆಗೆರೆಯ ತಗಡಿನ ಡಬ್ಬಿಯನ್ನು ಊಟದ ಕ್ಯಾರಿಯರ್ ಎಂದುಕೊಳ್ಳುವವರಿದ್ದಾರೆ. ಅದರಲ್ಲಿರುವುದು ವಿಷಾನಿಲದ ಮುಖವಾಡ.

ಅವರದು ಪೂರ್ತಿ ಯಂತ್ರೀಕೃತ ಸೈನ್ಯವಾಗಿತ್ತೇ? (ಬಾಗಲಕೋಟೆ)

ರೀಲು ಹಾಗೆ ನಂಬಿಸುತ್ತದೆ. 1941ರ ಜೂನ್‌ನಲ್ಲಿ ಸೋವಿಯತ್ ಗಡಿ ದಾಟಿದಾಗ ಜೊತೆಗೆ ಸುಮಾರು 6 ಲಕ್ಷ ಕುದುರೆಗಳಿದ್ದವು. ಕಾಲಾಳುಗಳ ತೋಪು, ಮೇವು, ಅಡುಗೆ ಎಲ್ಲವನ್ನೂ ಎಳೆದದ್ದು ಅವೇ. ಹೊಗೆಕೊಳವೆ ಇಟ್ಟ ಅಡುಗೆ ಬಂಡಿಗೆ ಸೈನಿಕರಿಟ್ಟ ಹೆಸರು 'ಗೂಲಾಶ್ ತೋಪು' (ಗೂಲಾಶ್ ಎಂದರೆ ಮಾಂಸದ ಸಾರು). ಅದರ ಹಂಡೆಗೆ ಎರಡು ಪದರ, ನಡುವೆ ಗ್ಲಿಸರಿನ್. ದಾರಿಯುದ್ದಕ್ಕೂ ಕುದಿಯುತ್ತಾ ಬಂದರೂ ಸಾರು ತಳ ಹಿಡಿಯುತ್ತಿರಲಿಲ್ಲ. ಟ್ಯಾಂಕುಗಳ ಸಾಲು ದಾಟಿದ ಮೇಲೆ ಚೌಕಟ್ಟಿನ ಅಂಚನ್ನು ಗಮನಿಸಿ, ಬಂಡಿ ಸಿಕ್ಕೇ ಸಿಗುತ್ತದೆ.