ಇಂಗ್ಲಿಷ್ ಆಡಿಯೋದಲ್ಲಿ ಸಣ್ಣ ಪದಗಳು ಯಾಕೆ ಕೇಳ್ಸಲ್ಲ?

ಪ್ರಶ್ನೆ: ಮೇಡಂ ನಮಸ್ತೆ. ನಾನು ಕೋಲಾರದಲ್ಲಿ ಸ್ಟಾಫ್ ನರ್ಸ್, ಹತ್ತನೇ ಕ್ಲಾಸ್‌ವರೆಗೂ ಓದಿದ್ದು ಕನ್ನಡ ಮೀಡಿಯಂ, ಈಗ ಡ್ಯೂಟಿ ಮಧ್ಯೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಓದ್ಕೊಳ್ತಿದೀನಿ. ರೀಡಿಂಗ್ ಪರವಾಗಿಲ್ಲ, ಲಿಸನಿಂಗ್‌ನಲ್ಲಿ ಮಾತ್ರ ಸ್ಕೋರ್ ಏಳ್ತಾನೇ ಇಲ್ಲ. ದೊಡ್ಡ ಪದಗಳು ಸಿಗ್ತವೆ, ಮಧ್ಯದ ಟು, ಆಫ್, ಹಿಮ್, ಹ್ಯಾವ್ ಎಲ್ಲಾ ನುಂಗಿಬಿಡ್ತಾರೆ. ಆಮೇಲೆ ಸ್ಕ್ರಿಪ್ಟ್ ನೋಡಿದ್ರೆ ಎಲ್ಲಾ ನಂಗೆ ಗೊತ್ತಿರೋ ಪದಗಳೇ. ನನ್ನ ಕಿವಿದೇ ತೊಂದ್ರೆನಾ? ನಾನೂ ಹಂಗೇ ಮಾತಾಡೋದು ಕಲೀಬೇಕಾ?

ಉತ್ತರ: ನಿಮ್ಮ ಕಿವಿ ಚೆನ್ನಾಗೇ ಇದೆ. ಈ ಪದಗಳಿಗೆ ಎರಡೆರಡು ಉಚ್ಚಾರಣೆ ಇದೆ ಅಂತ ಸ್ಕೂಲಲ್ಲಿ ಯಾರೂ ಹೇಳಿಕೊಡಲ್ಲ, ಅಲ್ಲೇ ಇರೋದು ಸಮಸ್ಯೆ. ಒತ್ತಿ ಹೇಳುವಾಗ ಒಂದು ರೂಪ, ಒತ್ತು ಇಲ್ಲದಾಗ ಇನ್ನೊಂದು, ಅದಕ್ಕೆ ವೀಕ್ ಫಾರ್ಮ್ ಅಂತಾರೆ. ನಾವು ಕಲಿತಿರೋದು ಒತ್ತಿ ಹೇಳೋ ರೂಪ ಮಾತ್ರ, ಮಾತಲ್ಲಿ ಜಾಸ್ತಿ ಬರೋದು ಇನ್ನೊಂದು.

ಇದು ನಮಗೆ ಹೊಸದೇನಲ್ಲ. "ಎಲ್ಲಿಗೆ ಹೋಗುತ್ತಿದ್ದೀಯಾ" ಅಂತ ಪುಸ್ತಕದಲ್ಲಿ ಬರೆದಿರುತ್ತೆ, ಕೋಲಾರ ಬಸ್‌ಸ್ಟ್ಯಾಂಡಲ್ಲಿ ನಿಮ್ಮ ಫ್ರೆಂಡು ಕೇಳೋದು "ಎಲ್ಲಿಗೋಗ್ತಿದ್ಯಾ" ಅಂತಾನೇ. ಸ್ವರ ಹೋಯ್ತು, ಹಕಾರ ಹೋಯ್ತು, ಆದ್ರೂ ನಿಮಗೆ ಅರ್ಥ ಆಗುತ್ತೆ. ಪುಸ್ತಕದಿಂದ ಮಾತ್ರ ಕನ್ನಡ ಕಲಿತು ಬಂದವರಿಗೆ ಅದು ಒಂದಕ್ಷರನೂ ಗೊತ್ತಾಗಲ್ಲ. ಇಂಗ್ಲಿಷ್ ವಿಷಯದಲ್ಲಿ ಈಗ ನೀವು ಅವರ ಜಾಗದಲ್ಲಿದೀರಿ ಅಷ್ಟೇ.

ಇಂಗ್ಲಿಷಲ್ಲಿ ಅರ್ಥ ಹೊರೋ ಪದಗಳಿಗೆ, ಅಂದ್ರೆ ನರ್ಸ್, ಬ್ಲಡ್, ಬ್ರಿಂಗ್, ಕೋಲ್ಡ್ ಇಂಥವಕ್ಕೆ, ಒತ್ತು ಬೀಳುತ್ತೆ. ಅವನ್ನ ಜೋಡಿಸೋ ಸಣ್ಣ ಪದಗಳನ್ನ ಬೇಗ ದಾಟಿಕೊಂಡು ಹೋಗ್ತಾರೆ, ಹಂಗೆ ಹೋಗುವಾಗ ಅವುಗಳ ಸ್ವರ ಸವೆದು ಒಂದು ಮಂಕು ಶಬ್ದ ಆಗುತ್ತೆ, ಅದರ ಹೆಸರು ಶ್ವಾ. ಡಿಕ್ಷನರಿಯಲ್ಲಿ ತಲೆಕೆಳಗಾಗಿರೋ ಇಂಗ್ಲಿಷ್ ಇ (e) ಅಕ್ಷರ ಕಾಣುತ್ತಲ್ಲ, ಅದೇ. ನಮ್ಮ ಚಿಕ್ಕ "ಅ" ಅದಕ್ಕೆ ತುಂಬಾ ಹತ್ತಿರ, ಹಾಗಾಗಿ ಬಾಯಿಗೆ ಹೊಸ ಕಸರತ್ತೇನೂ ಬೇಕಾಗಿಲ್ಲ. ಆಟ್ ಹೋಗಿ ಅಟ್ ಆಗುತ್ತೆ, ವಾಸ್ ಹೋಗಿ ವಜ಼್, ಟು ಅನ್ನೋದು ವ್ಯಂಜನದ ಮುಂದೆ ಬರೀ ಟ, ಆಂಡ್ ಅನ್ನೋದು ಅನ್, ಎಷ್ಟೋ ಸಲ ಬರೀ ನ್. ಆಫ್ ಅಂತ ನೀವು ಬರೆದಿದೀರಲ್ಲ, ಅದು ಲೈಟ್ ಆಫ್ ಮಾಡೋ ಆಫ್. ನಿಮಗೆ ಬೇಕಾಗಿರೋದು ಆವ್ (of), ಅದರ ಕೊನೆಯಲ್ಲಿ ವ್ ಇದೆ, ವೇಗದಲ್ಲಿ ಆ ವ್ ಕೂಡ ಬಿದ್ದುಹೋಗಿ "ಅ ಕಪ್ಪ ಟೀ" ಅಂತ ಕೇಳ್ಸುತ್ತೆ.

ಒಂದು ವಾಕ್ಯ ಬಿಡಿಸಿ ನೋಡೋಣ. "ಆಸ್ಕ್ ಹಿಮ್ ಟು ಕಮ್ ಆಂಡ್ ಸಿಟ್." ಒತ್ತು ಬೀಳೋದು ಆಸ್ಕ್, ಕಮ್, ಸಿಟ್ ಈ ಮೂರಕ್ಕೆ ಮಾತ್ರ. ಹಿಮ್ ಒತ್ತಿಲ್ಲದೆ ಬಂದಾಗ ಹಕಾರ ಬಿಟ್ಟು ಇಮ್ ಆಗುತ್ತೆ, ಹಿಂದಿನ ಕ್ ಬಂದು ಅದಕ್ಕೆ ಅಂಟ್ಕೊಳ್ಳುತ್ತೆ, ಟು ಸಣ್ಣದಾಗುತ್ತೆ, ಆಂಡ್ ಹೋಗಿ ಕಮ್‌ಗೆ ಸೇರ್ಕೊಳ್ಳುತ್ತೆ. ಕೊನೆಗೆ ಕಿವಿಗೆ ಬೀಳೋದು "ಆಸ್ಕಿಮ್ ಟ ಕಮನ್ ಸಿಟ್". "ಟೆಲ್ ಹರ್" ಕೂಡ ಹಿಂಗೇ "ಟೆಲರ್" ಆಗುತ್ತೆ, ಬ್ಯಾಂಕ್ ಟೆಲರ್ ಅಂದ ಹಾಗೇ. ಶುಡ್ ಹ್ಯಾವ್ ಅನ್ನೋದು "ಶುಡವ್" ಆಗಿ ಎಷ್ಟು ಸವೆದಿದೆ ಅಂದ್ರೆ ಹುಟ್ಟಿನಿಂದ ಇಂಗ್ಲಿಷ್ ಆಡೋರೇ ಎಷ್ಟೋ ಜನ ಹ್ಯಾವ್ ಜಾಗದಲ್ಲಿ ಆವ್ ಅಂತ ತಪ್ಪು ಬರೀತಾರೆ. ಅದಕ್ಕೇ ಪರೀಕ್ಷೆಯಲ್ಲಿ ಕಿವಿಗೆ ಬಿದ್ದಿದ್ದನ್ನ ಮಾತ್ರ ನಂಬಬೇಡಿ, ಗ್ರಾಮರ್ ಏನು ಕೇಳುತ್ತೆ ಅಂತ ನೋಡಿ ಬರೀರಿ. 40 ಪ್ರಶ್ನೆಗೆ ಆಡಿಯೋ ಒಂದೇ ಸಲ ಹಾಕೋದು, ಒಂದು ಟು ಸಿಗಲಿಲ್ಲ ಅಂತ ಅಲ್ಲೇ ನಿಂತ್ರೆ ಮುಂದಿನ ಎರಡು ಉತ್ತರ ಕೈಬಿಟ್ಟುಹೋಗುತ್ತೆ.

ಇನ್ನೊಂದು, ಎಲ್ಲಾ ಕಡೆ ಸವೆಸೋದಲ್ಲ. ಹಿಮ್, ಹರ್ ಥರದವನ್ನ ಬಿಟ್ರೆ, ಆಟ್, ಟು, ಕ್ಯಾನ್ ಇಂಥವು ವಾಕ್ಯದ ಕೊನೆಗೆ ಬಂದ್ರೆ ಪೂರ್ತಿ ರೂಪನೇ, "ವಾಟ್ ಆರ್ ಯು ಲುಕಿಂಗ್ ಆಟ್", "ಯೆಸ್, ಐ ಕ್ಯಾನ್". ಇದಲ್ಲ ಅದು ಅಂತ ಎತ್ತಿ ಹೇಳುವಾಗ್ಲೂ ಪೂರ್ತಿನೇ. ಸಣ್ಣ ಪದ ಒತ್ತು ಹಾಕಿ ಬಂತು ಅಂದ್ರೆ ಅಲ್ಲೇನೋ ವಿಷಯ ಇದೆ ಅಂತಲೇ ಲೆಕ್ಕ, ಲಿಸನಿಂಗ್‌ನಲ್ಲಿ ಅದನ್ನ ಬಿಡಬೇಡಿ.

ನೀವೂ ಹಂಗೇ ಮಾತಾಡಬೇಕಾ ಅಂದ್ರೆ, ಮೊದಲು ಕಿವಿಗೆ ಕಲಿಸಿ, ಬಾಯಿ ವಿಷಯ ಆಮೇಲೆ. ಇಂಗ್ಲಿಷನ್ನ ಬೇರೆ ಬೇರೆ ದೇಶದವರು ತಮ್ಮತಮ್ಮಲ್ಲಿ ಆಡುವಾಗ ಯಾವ ಉಚ್ಚಾರಣೆ ನಿಜವಾಗ್ಲೂ ಬೇಕು ಅಂತ ಜೆನಿಫರ್ ಜೆಂಕಿನ್ಸ್ ಅನ್ನೋ ಭಾಷಾತಜ್ಞೆ 2000ದಲ್ಲಿ ಒಂದು ಪಟ್ಟಿ ಮಾಡಿದ್ರು, ಅದರಲ್ಲಿ ವೀಕ್ ಫಾರ್ಮ್ ಸೇರಿಸಿಲ್ಲ. ಸ್ಪೀಕಿಂಗ್‌ನಲ್ಲಿ ಉಚ್ಚಾರಣೆಗೆ ಕಾಲು ಭಾಗ ಮಾರ್ಕ್ಸ್ ಇದೆ ನಿಜ, ಆದ್ರೆ ಮುಖ್ಯವಾಗಿ ನೋಡೋದು ನಿಮ್ಮ ಮಾತು ಕೇಳೋರಿಗೆ ಸಲೀಸಾಗಿ ತಿಳಿಯುತ್ತಾ ಅಂತ, ಲಂಡನ್ನಿನವರ ಥರ ಇದೆಯಾ ಅಂತ ಅಲ್ಲ. ಎಲ್ಲಾ ಪದನೂ ಒಂದೇ ಸಮ ಗುದ್ದಿ ಹೇಳೋದು ಬಿಟ್ಟು ಮುಖ್ಯ ಪದಕ್ಕೆ ಒತ್ತು ಕೊಟ್ರೆ ಸಣ್ಣವು ಎಷ್ಟೋ ಮಟ್ಟಿಗೆ ತಾವೇ ಸಣ್ಣದಾಗ್ತವೆ.

ಅಭ್ಯಾಸಕ್ಕೆ ಬಿಬಿಸಿಯ "6 ಮಿನಿಟ್ ಇಂಗ್ಲಿಷ್" ಫ್ರೀಯಾಗಿ ಸಿಗುತ್ತೆ, ಸ್ಕ್ರಿಪ್ಟ್ ಸಮೇತ. ಪೂರ್ತಿ ಕೇಳೋಕೆ ಹೋಗಬೇಡಿ, ಒಂದೆರಡು ವಾಕ್ಯ ಹಾಕಿ ನಿಲ್ಲಿಸಿ, ಕೇಳ್ಸಿದ್ದು ಕೇಳ್ಸಿದ ಹಾಗೇ ಕನ್ನಡ ಅಕ್ಷರದಲ್ಲಿ ಬರ್ಕೊಳ್ಳಿ, ಆಸ್ಕಿಮ್ ಅಂದ್ರೆ ಆಸ್ಕಿಮ್ ಅಂತಾನೇ. ಆಮೇಲೆ ಸ್ಕ್ರಿಪ್ಟ್ ಪಕ್ಕದಲ್ಲಿಟ್ಟು ಯಾವುದು ಎಲ್ಲಿ ಸವೆದಿದೆ ಅಂತ ಗುರುತು ಹಾಕಿ, ಇನ್ನೊಂದು ಸಲ ಕೇಳಿ. ಕೆಲವರು ಇಂಗ್ಲಿಷನ್ನ ಕನ್ನಡದಲ್ಲಿ ಬರೀಬಾರದು ಅಂತ ಬೈತಾರೆ, ಈ ಕೆಲಸಕ್ಕೆ ನಮ್ಮ ಲಿಪಿಯಷ್ಟು ಅನುಕೂಲ ಇಂಗ್ಲಿಷ್ ಸ್ಪೆಲಿಂಗೂ ಅಲ್ಲ.

ನೀವು ನರ್ಸ್ ಆಗಿರೋದ್ರಿಂದ ಒಂದು ಮಾತ್ರ ಬಾಯಿಗೂ ಈಗಲೇ ರೂಢಿ ಮಾಡ್ಕೊಳ್ಳಿ. "ಯು ಕ್ಯಾನ್ ಗಿವ್ ಇಟ್" ಅಂತ ನಾವು ಕ್ಯಾನ್‌ನ ಒತ್ತಿ ಹೇಳಿದ್ರೆ, ಅಮೆರಿಕದವರಿಗೆ ಅದು ಕೊಡಬಾರದು ಅಂತ ಕೇಳ್ಸೋ ಸಾಧ್ಯತೆ ಇದೆ, ಯಾಕಂದ್ರೆ ಅವರ "ಕ್ಯಾಂಟ್"ನಲ್ಲಿ ಕೊನೆಯ ಟ್ ಸರಿಯಾಗಿ ಕೇಳ್ಸಲ್ಲ, ಒತ್ತು ನೋಡಿಯೇ ಬೇಡ ಅನ್ನೋದು ತಿಳ್ಕೋತಾರೆ. ಹಾಗಾಗಿ ಕೊಡಬಹುದು ಅನ್ನೋದಕ್ಕೆ "ಯು ಕನ್ ಗಿವ್ ಇಟ್" ಅಂತ ಕನ್ ಸಣ್ಣದಾಗಿ, ಗಿವ್ ಗಟ್ಟಿಯಾಗಿ. ಕೊಡಬಾರದು ಅನ್ನೋ ಕಡೆ "ಕ್ಯಾನಾಟ್" ಅಂತ ಪೂರ್ತಿ ಹೇಳಿ. ಔಷಧಿ ವಿಷಯ ಫೋನಲ್ಲಿ ಮಾತಾಡುವಾಗಂತೂ ಹೇಳಿದ್ದನ್ನ ಅವರ ಬಾಯಿಂದ ಇನ್ನೊಂದು ಸಲ ಹೇಳಿಸ್ಕೊಳ್ಳಿ.